ಇನ್ನೊಂದು ಸಾವಿರ ಕಿಲೋಮೀಟರ್

"ಇದನ್ನೇ ಹಾಕಿ."

ಅವನು ಹೆಗಲ ಚೀಲದಿಂದ ಆಯಿಲ್ ಡಬ್ಬ ತೆಗೆದು, ಅವಳು ಆಗಷ್ಟೇ ಒರೆಸಿದ್ದ ಬೆಂಚಿನ ಮೇಲೆ ಇಟ್ಟ. ಫುಲ್ ಸಿಂಥೆಟಿಕ್. ಅಂಗಡಿಯಲ್ಲಿ ಸಿಗುವುದರಲ್ಲೇ ದುಬಾರಿಯದ್ದು.

ಅವಳು ಡಬ್ಬ ನೋಡಿದಳು. ಬೈಕಿನ ಮೀಟರ್ ನೋಡಿದಳು. ಎಂಟುನೂರ ತೊಂಬತ್ತೆರಡು ಕಿಲೋಮೀಟರ್. ಆಮೇಲೆ ಅವನ ಮುಖ ನೋಡಿದಳು. ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕನ್ನಡಕ... ತಪ್ಪು ಮಾಡುತ್ತಿದ್ದೇನೆ ಎಂಬ ಅಳುಕು ಆ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ.

"ಹಾಕಲ್ಲ," ಅಂದಳು.

"ಯಾಕೆ? ಆಯಿಲ್ ನಾನೇ ತಂದಿದ್ದೀನಿ. ನೀವು ಸುರಿದ್ರೆ ಸಾಕಲ್ವಾ?"

"ಸುರಿಯೋದಕ್ಕೆ ನಾನ್ಯಾಕೆ? ಮನೇಲಿ ಲಾಳಿಕೆ ಇಲ್ವಾ?"

ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಅಪ್ಪ ಪತ್ರಿಕೆ ಕೆಳಗಿಟ್ಟ. ಗ್ಯಾರೇಜಿನಲ್ಲಿ ಜಗಳ ಶುರುವಾದರೆ ಅವನಿಗೆ ಮಂಡಿನೋವು ಮರೆತುಹೋಗುತ್ತದೆ. ಮೂವತ್ತು ವರ್ಷ ಬೈಕುಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಆ ಮಂಡಿಗಳು ಸವೆದಿದ್ದವು. ಆರು ವರ್ಷದಿಂದ ಸ್ಪ್ಯಾನರು ಮಗಳ ಕೈಯಲ್ಲಿ. ಮೊದಮೊದಲು ಹೆಣ್ಣುಮಗಳಿಗೆ ಯಾಕಮ್ಮ ಈ ಗ್ರೀಸಿನ ಸಹವಾಸ ಎಂದ ಬೀದಿಯೇ ಈಗ ಅವಳನ್ನು 'ಸ್ಪ್ಯಾನರಕ್ಕ' ಎಂದು ಕರೆಯುತ್ತದೆ, ಚೈನು ಕಿರ್ರೆಂದರೆ ಅವಳ ಬಳಿಯೇ ಓಡಿ ಬರುತ್ತದೆ.

ಬಂದವನು ಬಡಪೆಟ್ಟಿಗೆ ಬಗ್ಗುವ ಆಸಾಮಿಯಲ್ಲ. ಚೀಲದಿಂದ ಮಡಿಸಿದ ಹಾಳೆಗಳ ಕಟ್ಟನ್ನೇ ಹೊರತೆಗೆದ. ಇಂಟರ್ನೆಟ್ಟಿನಲ್ಲಿ ಓದಿದ್ದನ್ನೆಲ್ಲ ಪ್ರಿಂಟ್ ಹಾಕಿಸಿ, ಹಳದಿ ಗೆರೆ ಎಳೆದು ತಂದಿದ್ದ. ಒಬ್ಬ ಸಾವಿರ ಕಿಲೋಮೀಟರ್ ಆದ ಮೇಲೆ ಸಿಂಥೆಟಿಕ್ ಹಾಕಿ ಎಂದಿದ್ದನಂತೆ, ಇನ್ನೊಬ್ಬ ಐದು ಸಾವಿರ, ಮತ್ತೊಬ್ಬ ಮೊದಲ ದಿನದಿಂದಲೇ ಹಾಕಿ ಎಂದಿದ್ದನಂತೆ. ಹಾಗಾದರೆ ಯಾರ ಮಾತು ಸರಿ ಎಂದು ಕೇಳಿದ.

"ಇವರಲ್ಲಿ ಎಷ್ಟು ಜನ ಎಂಜಿನ್ ಬಿಚ್ಚಿ ನೋಡಿದ್ದಾರಂತೆ? ಅದಕ್ಕೆ ಗೆರೆ ಎಳೆದಿಲ್ವಾ?"

ಅವನು ಹಾಳೆಗಳನ್ನು ಮತ್ತೆ ಮೊದಲಿಂದ ತಿರುವಿದ. ಅವಳಿಗೆ ಸ್ವಲ್ಪ ಸಮಾಧಾನವಾಯಿತು. ಆಮೇಲೆ, ಇಷ್ಟು ಓದಿ ಬಂದವನಿಗೆ ಒಂದು ಮಾತಾದರೂ ನೆಟ್ಟಗೆ ಹೇಳಬೇಕಲ್ಲ ಎನ್ನಿಸಿ ಹೇಳಿದಳು.

"ನೋಡಿ, ಹೊಸ ಎಂಜಿನ್ ಒಳಗೆ ಪಿಸ್ಟನ್ ರಿಂಗು, ಸಿಲಿಂಡರು ಒಂದಕ್ಕೊಂದು ಹೊಸಬರು. ಸ್ವಲ್ಪ ಉಜ್ಜಾಡಬೇಕು, ಸ್ವಲ್ಪ ಸವೀಬೇಕು, ಆಗ ಹೊಂದ್ಕೋತವೆ. ಶುರುವಲ್ಲೇ ಇಷ್ಟು ನುಣುಪಾದ ಆಯಿಲ್ ಹಾಕಿದ್ರೆ ಜಾರ್ಕೊಂಡೇ ಇರ್ತವೆ, ಕೂರೋದೇ ಇಲ್ಲ. ಫ್ಯಾಕ್ಟರಿಯಿಂದಲೇ ಸಿಂಥೆಟಿಕ್ ಹಾಕಿ ಬರೋ ಬೈಕೂ ಇವೆ, ಅವನ್ನ ಹಾಗೇ ಮಾಡಿರ್ತಾರೆ. ನಿಮ್ಮ ಬೈಕಿನ ಪುಸ್ತಕ ಏನು ಹೇಳುತ್ತೆ?"

ಪುಸ್ತಕವೂ ಚೀಲದಲ್ಲಿತ್ತು! ಅವನು ಪುಟ ತಿರುವಿ ಓದಿದ. ಮೊದಲ ಎರಡು ಸಲ ಮಾಮೂಲಿ ಮಿನರಲ್ ಆಯಿಲ್, ಆಮೇಲೆ ಎಂಜಿನ್ನಿನ ಸ್ಥಿತಿ ನೋಡಿಕೊಂಡು.

"ಸ್ಥಿತಿ ನೋಡಿಕೊಂಡು ಅಂದ್ರೆ?"

"ಅದನ್ನ ನೋಡೋರು ನಾವು," ಎಂದು ಅವಳು ಆಯಿಲ್ ಇಳಿಸುವ ಡ್ರೈನ್ ಬೋಲ್ಟಿಗೆ ಸ್ಪ್ಯಾನರ್ ಹಾಕಿದಳು.

ಅವರ ಗ್ಯಾರೇಜಿಗೆ ಒಂದು ಪದ್ಧತಿಯಿತ್ತು, ಅಪ್ಪ ಮಾಡಿದ್ದು. ಹೊಸ ಎಂಜಿನ್ನಿನಿಂದ ಇಳಿಸಿದ ಆಯಿಲನ್ನು ಬಿಳಿ ತಟ್ಟೆಗೆ ಸುರಿದು ಬಿಸಿಲಿಗೆ ಹಿಡಿಯುತ್ತಿದ್ದರು. ಲೋಹ ಇನ್ನೂ ಸವೆಯುತ್ತಿದ್ದರೆ ಆಯಿಲಿನಲ್ಲಿ ಸಣ್ಣ ಹೊಳಪು ಕಾಣುತ್ತದೆ, ಅಯಸ್ಕಾಂತ ಆಡಿಸಿದರೆ ಬೂದಿಯಂಥ ಪುಡಿ ಅಂಟುತ್ತದೆ. ಹೊಳಪು ನಿಂತಾಗಲೇ ಸಿಂಥೆಟಿಕ್. ಒಂದು ಹನಿಯನ್ನು ದಪ್ಪ ಕಾಗದದ ಚೀಟಿಯ ಮೇಲೆ ಬಿಟ್ಟು, ಬೈಕಿನ ನಂಬರು, ಕಿಲೋಮೀಟರು ಬರೆದು, ಗೋಡೆಯ ತಂತಿಗೆ ಸಿಕ್ಕಿಸುತ್ತಿದ್ದರು. ಯಾರು ಬೇಕಾದರೂ ನೋಡಬಹುದು. ಆಯಿಲಿನ ವಿಷಯದಲ್ಲಿ ಸುಳ್ಳು ಹೇಳುವವನು ಬ್ರೇಕಿನ ವಿಷಯದಲ್ಲೂ ಹೇಳುತ್ತಾನೆ ಎನ್ನುವುದು ಅಪ್ಪನ ಮಾತು. ಈ ಒಂದು ಮಾತಿನಿಂದಲೇ ಆ ಸಣ್ಣ ಗ್ಯಾರೇಜು, ಎದುರಿಗೆ ಗಾಜಿನ ಬಾಗಿಲಿನ ದೊಡ್ಡ ಸರ್ವಿಸ್ ಸೆಂಟರ್ ಬಂದರೂ ಮುಚ್ಚದೆ ನಿಂತಿತ್ತು.

ಎಂಟುನೂರ ತೊಂಬತ್ತೆರಡರ ಆಯಿಲ್ ಮೀನಿನ ಹೊಟ್ಟೆಯಂತೆ ಮಿನುಗುತ್ತಿತ್ತು. ಅವನು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಸರಿ, ಒಪ್ಪಿದೆ," ಅಂದ. "ಡಬ್ಬ ಇಲ್ಲೇ ಇರಲಿ. ಯಾವಾಗ ಬರಲಿ?"

"ಇನ್ನೊಂದು ಸಾವಿರ ಆದ್ಮೇಲೆ."

ಅವನು ಅದನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡ. ಅಷ್ಟಕ್ಕೆ ಹೋದನೇ? ಇಲ್ಲ! ಎಂಜಿನ್ ಬಿಸಿಯಾಗಲು ನಲವತ್ತು ಸೆಕೆಂಡ್ ಬಿಡಬೇಕೋ ಅರವತ್ತೋ ಎಂದು ಕೇಳಿದ. ಅದಕ್ಕೆ ಉತ್ತರ ಸಿಕ್ಕ ಮೇಲೆ ಚಳಿಯಿದ್ದರೆ ಎಷ್ಟು ಎಂದು ಕೇಳಿದ. ಅವಳಿಗೆ ತಲೆ ಚಿಟ್ಟು ಹಿಡಿಯಿತು.

ಅವನು ಹೋದ ಮೇಲೆ ಅಪ್ಪನಿಂದ ವಿಷಯ ತಿಳಿಯಿತು. ಆಸ್ಪತ್ರೆಯ ಔಷಧಿ ವಿಭಾಗದಲ್ಲಿರುವವನು, ಊಟಕ್ಕೆ ಮೊದಲೋ ಆಮೇಲೋ ಎಂದು ಚೀಟಿಯಲ್ಲಿ ಬರೆದುಕೊಡುವ ಮನುಷ್ಯ. ಮನೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಅಂತೆ. ಅವಳು ಅಂದೇ ಅವನಿಗೆ 'ಮಾತ್ರೆ ಮಹಾಶಯ' ಎಂದು ಹೆಸರಿಟ್ಟಳು.

---

ಸಾವಿರ ಆಗುವವರೆಗೆ ಬರಬೇಡಿ ಎಂದರೆ ಸಾಮಾನ್ಯ ಜನ ಎರಡು ಮೂರು ತಿಂಗಳು ಬರುವುದಿಲ್ಲ. ಮಾತ್ರೆ ಮಹಾಶಯ ಐದೇ ವಾರದಲ್ಲಿ ಬಂದ. ನಡುವೆ ಚೈನು ಸಡಿಲ ಎಂದು ಒಮ್ಮೆ, ಕನ್ನಡಿ ಅಲ್ಲಾಡುತ್ತದೆ ಎಂದು ಒಮ್ಮೆ, ಹಾರ್ನಿನ ದನಿ ಬದಲಾಗಿದೆ ಎಂದು ಇನ್ನೊಮ್ಮೆ ಬಂದಿದ್ದು ಬೇರೆ. ಹಾರ್ನಿಗೆ ಏನೂ ಆಗಿರಲಿಲ್ಲ. ಅವಳು ಎರಡು ಸಲ ಒತ್ತಿ ತೋರಿಸಿ, ಇದು ಶೀತವಾಗುವ ವಸ್ತು ಅಲ್ಲ ಸರ್ ಎಂದು ಕಳಿಸಿದ್ದಳು.

ಬಂದಾಗೆಲ್ಲ ಪ್ರಶ್ನೆ. ಸೆಮಿ ಸಿಂಥೆಟಿಕ್ ಎಂದರೆ ಅರ್ಧ ಡೋಸ್ ಕೊಟ್ಟ ಹಾಗೆಯೇ? ಕಾರಿನ ಆಯಿಲ್ ಬೈಕಿಗೆ ಯಾಕೆ ಆಗುವುದಿಲ್ಲ? ಬೈಕಿನ ಕ್ಲಚ್ಚೂ ಅದೇ ಆಯಿಲಿನಲ್ಲಿ ಮುಳುಗಿರುತ್ತದೆ, ಕಾರಿನದು ಹಾಕಿದರೆ ಕ್ಲಚ್ ಜಾರುತ್ತದೆ ಎಂದು ಅವಳು ವಿವರಿಸಬೇಕು. ಅವನು ಬರೆದುಕೊಳ್ಳಬೇಕು. ಹಿಂದೆ ನಾಲ್ಕು ಬೈಕು ಸಾಲುಗಟ್ಟಿ ನಿಂತಿರಬೇಕು!

ಅಪ್ಪನಿಗೆ ಮಾತ್ರ ಅವನೆಂದರೆ ಪ್ರಾಣ. ಕುರ್ಚಿಯ ಪಕ್ಕದ ಡಬ್ಬಿಯಲ್ಲಿದ್ದ ಮಾತ್ರೆಗಳನ್ನು ನೋಡಿ, ಎರಡು ನೋವಿನ ಮಾತ್ರೆ ಒಟ್ಟಿಗೆ ನುಂಗಬೇಡಿ, ಹೊಟ್ಟೆ ಹಾಳಾಗುತ್ತೆ, ಡಾಕ್ಟರಿಗೆ ಹೇಳಿ ಒಂದು ನಿಲ್ಲಿಸಿ, ಇನ್ನೊಂದನ್ನು ಊಟ ಆದ ಮೇಲೇ ತಗೊಳ್ಳಿ ಎಂದು ಚೀಟಿ ಬರೆದುಕೊಟ್ಟಿದ್ದ. ವಾರದಲ್ಲೇ ಅಪ್ಪನ ಎದೆಯುರಿ ಹೋಯಿತು. ಆಮೇಲೆ ಮನೆಯಲ್ಲಿ ಬೆಳಗ್ಗೆ ಎದ್ದರೆ 'ಅವನು ಹೇಳಿದಾನೆ', ಉಣ್ಣಲು ಕೂತರೆ 'ಅವನು ಹೇಳಿದಾನೆ'.

"ಅಪ್ಪಾ, ನಾನು ಆರು ವರ್ಷದಿಂದ ಹೇಳ್ತಿದ್ದೀನಿ ತಿಂದು ಮಾತ್ರೆ ತಗೋ ಅಂತ."

"ನೀನು ಬೈದು ಹೇಳ್ತೀಯ ಪುಟ್ಟಿ. ಅವನು ಬರೆದು ಕೊಡ್ತಾನೆ."

ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಉರಿ ಬರೀ ಇದಕ್ಕಲ್ಲ. ಅವಳನ್ನು ಒಳಗೊಳಗೆ ತಿನ್ನುತ್ತಿದ್ದುದು ಅವನ ಮೀಟರ್.

ಮನೆಯಿಂದ ಆಸ್ಪತ್ರೆಗೆ ನಡೆದರೆ ಐದು ನಿಮಿಷ. ಅಂಥವನ ಬೈಕು ಐದು ವಾರದಲ್ಲಿ ಸಾವಿರ ಕಿಲೋಮೀಟರ್ ಹೇಗೆ ಓಡುತ್ತದೆ? ಒಮ್ಮೆ ಅವನು ಅಪ್ಪನ ಜೊತೆ ಮಾತಾಡುತ್ತಿದ್ದಾಗ, ಸೀಟಿನ ಮೇಲೆ ಬಿಟ್ಟಿದ್ದ ಪುಟ್ಟ ಪುಸ್ತಕ ಗಾಳಿಗೆ ತೆರೆದುಕೊಂಡಿತು. ನೋಡಬಾರದಿತ್ತು, ನೋಡಿದಳು. ಭಾನುವಾರ, ನೂರ ಎಂಬತ್ತು. ಮುಂದಿನ ಭಾನುವಾರ, ನೂರ ಎಂಬತ್ತು. ಅದರ ಮುಂದಿನದೂ ಅಷ್ಟೇ. ಹೋಗಲು ತೊಂಬತ್ತು, ಬರಲು ತೊಂಬತ್ತು ಎಂದು ಅವಳ ತಲೆ ತಾನಾಗಿಯೇ ಲೆಕ್ಕ ಮಾಡಿತು. ಪ್ರತಿ ಭಾನುವಾರ ತಪ್ಪದೆ ಅಷ್ಟು ದೂರ ಯಾವ ಗಂಡಸು ಹೋಗುತ್ತಾನೆ? ಅಲ್ಲಿ ಯಾರೋ ಇರಬೇಕು. ಅವನ ಇಸ್ತ್ರಿ ಅಂಗಿಯೂ ಆ ಯಾರೋ ಒಬ್ಬಳಿಗಾಗಿಯೇ ಇರಬೇಕು.

'ಇದ್ದರೆ ಇರಲಿ, ನನಗೇನು?' ಎಂದುಕೊಂಡಳು. ಎಂದುಕೊಂಡು ಅಂದು ಒಂದು ಬೋಲ್ಟನ್ನು ಎಷ್ಟು ಬಿಗಿದಳೆಂದರೆ ಅದರ ತಲೆಯೇ ಮುರಿಯಿತು.

---

ಎರಡು ಸಾವಿರದ ಒಂಬೈನೂರಕ್ಕೆ ಅವನು ಮೂರನೇ ಸಲ ಆಯಿಲ್ ಬದಲಿಸಲು ಬಂದ. ಅವಳು ಬೋಲ್ಟ್ ತೆಗೆದಳು, ತಟ್ಟೆಗೆ ಸುರಿದಳು, ಬಿಸಿಲಿಗೆ ಹಿಡಿದಳು.

ಹೊಳಪಿಲ್ಲ. ಒಂದು ಚೂರೂ ಇಲ್ಲ. ಅಯಸ್ಕಾಂತ ಆಡಿಸಿದಳು, ಹೋದ ಹಾಗೇ ಬಂತು. ಇಷ್ಟು ಚೆನ್ನಾಗಿ ಹೊಂದಿಕೊಂಡ ಎಂಜಿನ್ನನ್ನು ಅವಳು ಈ ವರ್ಷ ನೋಡಿರಲಿಲ್ಲ. ನಲವತ್ತು ಸೆಕೆಂಡೋ ಅರವತ್ತೋ ಎಂದು ಪೀಡಿಸಿದವನು, ಹೇಳಿದ್ದನ್ನೆಲ್ಲ ಅಕ್ಷರಶಃ ಪಾಲಿಸಿದ್ದ.

ಶೆಲ್ಫಿನಲ್ಲಿ ಅವನ ಡಬ್ಬ ಕಾಯುತ್ತಿತ್ತು. ಇಳಿಸಿ ಸುರಿಯುವುದಷ್ಟೇ ಬಾಕಿ. ಆಮೇಲೆ... ಸಿಂಥೆಟಿಕ್ ಹಾಕಿದ ಮೇಲೆ ಸಾವಿರಕ್ಕೊಮ್ಮೆ ಬರುವುದೇನೂ ಬೇಕಿಲ್ಲ. ಆರು ಸಾವಿರ ಕಿಲೋಮೀಟರಿಗೆ ಒಮ್ಮೆ ಬಂದರೆ ಸಾಕು. ಭಾನುವಾರದ ಸವಾರಿ ಎಲ್ಲ ಸೇರಿದರೂ ಏಳೆಂಟು ತಿಂಗಳು. ಅಷ್ಟರಲ್ಲಿ ಅವನ ಮದುವೆಯೇ ಆಗಿಬಿಟ್ಟಿರುತ್ತದೆ.

"ಹೇಗಿದೆ?" ಅವನು ಅವಳ ಹೆಗಲ ಹಿಂದೆ ನಿಂತು ಕೇಳಿದ.

ಅವಳು ತಟ್ಟೆಯನ್ನು ನೆರಳಿಗೆ ತಿರುಗಿಸಿದಳು.

"ಇನ್ನೂ ಸ್ವಲ್ಪ ಹೊಳಪಿದೆ. ಇನ್ನೊಂದು ಸಾವಿರ ಓಡಲಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಇನ್ನೊಮ್ಮೆ ಬಗ್ಗಿಯೂ ನೋಡಲಿಲ್ಲ. ನೀವು ಹೇಳಿದ ಮೇಲೆ ಮುಗಿಯಿತು ಎಂದು ಪುಸ್ತಕದಲ್ಲಿ ಬರೆದುಕೊಂಡು, ಮಿನರಲ್ ಆಯಿಲನ್ನೇ ಹಾಕಿಸಿಕೊಂಡು ಹೊರಟ.

ಹನಿ ಬಿಟ್ಟ ಚೀಟಿಯನ್ನು ತಂತಿಗೆ ಸಿಕ್ಕಿಸಲು ಅವಳ ಕೈ ಬರಲಿಲ್ಲ. ಅದರಲ್ಲಿ ಸುಳ್ಳು ಬರೆಯಲೂ ಕೈ ಬರಲಿಲ್ಲ. ಇದ್ದದ್ದನ್ನೇ ಬರೆದು ಮೇಜಿನ ಡ್ರಾಯರಿಗೆ ಹಾಕಿದಳು.

ಅಪ್ಪ ಕುರ್ಚಿಯಿಂದಲೇ ತಟ್ಟೆ ನೋಡಿದ್ದ. ಸಂಜೆ ಷಟರ್ ಎಳೆಯುವಾಗ ಕೇಳಿದ್ದು ಒಂದೇ ಮಾತು.

"ಚೀಟಿ ಎಲ್ಲಿ ಪುಟ್ಟಿ?"

"ಒಣಗಿಲ್ಲ."

"ಹೂಂ," ಎಂದ ಅಪ್ಪ. ಬೈದಿದ್ದರೆ ಅವಳಿಗೆ ಎಷ್ಟೋ ವಾಸಿಯಿತ್ತು.

---

ಸುಳ್ಳು ಹೇಳಿದವರಿಗೆ ಕಾಲವೂ ಸರಿಯಾಗಿಯೇ ಬುದ್ಧಿ ಕಲಿಸುತ್ತದೆ. ಸಾವಿರ ಮುಗಿಸಿ ಮೂರು ಸಾವಿರದ ಒಂಬೈನೂರಕ್ಕೆ ಬಂದ ದಿನ ಅವನು ಒಬ್ಬನೇ ಬರಲಿಲ್ಲ. ಜೊತೆಗೆ ಆಸ್ಪತ್ರೆಯ ಮ್ಯಾನೇಜರ್ ಮೇಡಂ ಇದ್ದರು, ಕೈಯಲ್ಲಿ ಫೈಲು.

ವಿಷಯ ಹೀಗಿತ್ತು. ಮನೆಮನೆಯಿಂದ ರಕ್ತದ ಮಾದರಿ ತರಲು ಆಸ್ಪತ್ರೆ ಹನ್ನೆರಡು ಹೊಸ ಬೈಕು ಕೊಂಡಿತ್ತು, ಇವನ ಬೈಕಿನ ಮಾದರಿಯದ್ದೇ. ಅವುಗಳ ಸರ್ವಿಸ್ ಯಾರಿಗೆ ಕೊಡಬೇಕೆಂಬ ಮಾತು ನಡೆದಿತ್ತು. ಎದುರಿನ ಗಾಜಿನ ಬಾಗಿಲಿನವರು ಮೊದಲ ದಿನದಿಂದಲೇ ದುಬಾರಿ ಸಿಂಥೆಟಿಕ್ ಎಂದು ಪಟ್ಟಿ ಕೊಟ್ಟಿದ್ದರು. ಇವನು ಬೇಡ, ನನಗೆ ಗೊತ್ತಿರುವ ಒಬ್ಬರಿದ್ದಾರೆ ಎಂದು ಮ್ಯಾನೇಜರನ್ನು ಕರೆದುಕೊಂಡೇ ಬಂದಿದ್ದ. ಹನ್ನೆರಡು ಬೈಕು! ಆ ಗ್ಯಾರೇಜಿಗೆ ಅದು ಎರಡು ವರ್ಷದ ನೆಮ್ಮದಿ. ಅಪ್ಪ ಕುರ್ಚಿ ಬಿಟ್ಟು ಎದ್ದು ನಿಂತ.

"ಊರಲ್ಲಿ ದುಬಾರಿ ಆಯಿಲ್ ಬೇಡ ಅಂದ ಮೆಕ್ಯಾನಿಕ್ ಇವರೊಬ್ಬರೇ ಮೇಡಂ," ಎಂದು ಅವನು ಶುರುಮಾಡಿದ. "ನಾನೇ ಡಬ್ಬ ತಂದುಕೊಟ್ಟರೂ ಹಾಕಲಿಲ್ಲ. ಎರಡು ಸಾವಿರದ ಒಂಬೈನೂರಕ್ಕೂ ಬೇಡ ಅಂದ್ರು. ಇವರ ಮಾತನ್ನ ನಾನು ಕಣ್ಣು ಮುಚ್ಚಿ ನಂಬ್ತೀನಿ."

ಮ್ಯಾನೇಜರ್ ಸುಮ್ಮನೆ ಮಾತು ಬೆಳೆಸುವ ಹೆಂಗಸಲ್ಲ. ಸರಿ, ಹಾಗಾದರೆ ಇವರ ಬೈಕಿನ ಲೆಕ್ಕವನ್ನೇ ನಿಯಮ ಮಾಡೋಣ, ನಾಲ್ಕು ಸಾವಿರದವರೆಗೆ ಮಿನರಲ್, ಆಮೇಲೆ ಸಿಂಥೆಟಿಕ್ ಎಂದು ಬರೆದು ಸಹಿ ಮಾಡಿ ಕೊಡಿ ಎಂದು ಹಾಳೆ ಮುಂದೆ ಚಾಚಿದರು.

ಅವಳು ಪೆನ್ನು ಹಿಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕಣ್ಣು ತಾನಾಗಿ ಡ್ರಾಯರಿನ ಕಡೆ ಹೋಯಿತು. ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸಹಿ ಹಾಕಿದರೆ ಗ್ಯಾರೇಜೂ ಉಳಿಯುತ್ತದೆ, ಇವನ ಕಣ್ಣಲ್ಲಿ ಅವಳೂ ಉಳಿಯುತ್ತಾಳೆ. ಯಾರಿಗೂ ಗೊತ್ತಾಗುವುದಿಲ್ಲ. ಎಂಜಿನ್ನಿಗೂ ಏನೂ ಆಗುವುದಿಲ್ಲ.

ಆದರೆ ಅವನು 'ಕಣ್ಣು ಮುಚ್ಚಿ' ಎಂದುಬಿಟ್ಟಿದ್ದ. ಹಾಳಾದವನು! ಬೇರೆ ಏನಾದರೂ ಹೇಳಬಾರದಿತ್ತೇ?

"ಇದು ತಪ್ಪು ಲೆಕ್ಕ," ಅಂದಳು. "ಇವರ ಎಂಜಿನ್ ಎರಡು ಸಾವಿರದ ಒಂಬೈನೂರಕ್ಕೇ ಸಿದ್ಧವಾಗಿತ್ತು. ನಾನು ಸುಳ್ಳು ಹೇಳಿದೆ."

ಡ್ರಾಯರು ಎಳೆದು ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಅಪ್ಪ ಮೆಲ್ಲಗೆ ಕುರ್ಚಿಯಲ್ಲಿ ಕೂತ.

ಮ್ಯಾನೇಜರ್ ಇದರಿಂದ ಬೈಕಿಗೆ ಹಾನಿಯೇನಾದರೂ ಆಯಿತೇ ಎಂದು ಕೇಳಿದರು. ಇಲ್ಲ, ಒಂದು ಸಲ ಸುಮ್ಮನೆ ಆಯಿಲ್ ಬದಲಿಸಿದ ಹಾಗಾಯಿತು ಅಷ್ಟೇ ಎಂದಳು. ಹಾಗಾದರೆ ಯಾಕೆ ಹೇಳಿದಿರಿ ಸುಳ್ಳು, ನಿಮಗೇನು ಲಾಭ?

"ಅದನ್ನ ಹೇಳೋಕಾಗಲ್ಲ ಮೇಡಂ. ನಿಮ್ಮ ಬೈಕುಗಳಿಗೆ ಸಂಬಂಧ ಇಲ್ಲದ್ದು."

ಅವನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ. ಬಗ್ಗಿ ಅವನ ಬೈಕಿನ ಆಯಿಲ್ ಇಳಿಸಿದಳು. ಶೆಲ್ಫಿನ ಡಬ್ಬ ತೆಗೆದು, ಮುಚ್ಚಳ ತಿರುವಿ, ಸಿಂಥೆಟಿಕ್ಕನ್ನು ಅಳತೆಯಂತೆ ಸುರಿದಳು. ಒಂದಿಷ್ಟು ಎಂಜಿನ್ನಿನ ಮೇಲೆ ಚೆಲ್ಲಿತು, ಅದನ್ನೂ ಒರೆಸಿದಳು. ಮ್ಯಾನೇಜರ್ ಫೈಲು ಮುಚ್ಚಿಕೊಂಡು, ಯೋಚಿಸಿ ತಿಳಿಸುತ್ತೇವೆ ಎಂದು ಹೊರಟರು.

"ಮುಂದಿನ ಆಯಿಲ್ ಯಾವಾಗ?" ಅವನು ಕೇಳಿದ.

"ಆರು ಸಾವಿರ ಓಡಿದ್ಮೇಲೆ."

ಅವನು ಬರೆದುಕೊಳ್ಳಲಿಲ್ಲ. ಬೈಕು ಹತ್ತಿ ಹೋದ.

---

ಮುಂದಿನ ದಿನಗಳನ್ನು ಏನೆಂದು ಹೇಳುವುದು? ಅವಳಿಗೆ ಎಲ್ಲದರ ಮೇಲೂ ಸಿಟ್ಟು. ಸಿಡುಕು ಮೊದಲಿಂದಲೂ ಮೂಗಿನ ತುದಿಯಲ್ಲೇ ಇತ್ತು, ಈಗ ಇಡೀ ಮುಖಕ್ಕೆ ಹರಡಿತು. ಹಾರ್ನ್ ಸರಿಯಿಲ್ಲ ಎಂದು ಬಂದ ಒಬ್ಬ ಮುದುಕನಿಗೆ, ಹಾಗಾದರೆ ಬಾಯಲ್ಲೇ ಕೂಗಿಕೊಳ್ಳಿ ಎಂದುಬಿಟ್ಟಳು. ಆಮೇಲೆ ಓಡಿಹೋಗಿ ಕ್ಷಮೆ ಕೇಳಿ ಬಂದಳು.

ವಾರ ಕಳೆದು ಆಸ್ಪತ್ರೆಯಿಂದ ಕಾಗದ ಬಂತು. ಹನ್ನೆರಡರಲ್ಲಿ ನಾಲ್ಕು ಬೈಕು ಇವರಿಗೆ, ಎಂಟು ಎದುರಿನವರಿಗೆ. ಪ್ರತಿ ಚೀಟಿಗೂ ಅಪ್ಪನ ಸಹಿ ಇರಬೇಕು ಎಂಬ ಷರತ್ತು ಬೇರೆ. ಮಗಳ ಸಹಿ ಸಾಲದು ಎಂದು ಅದರ ಅರ್ಥ. ಅವಳು ಓದಿ, ಮಡಿಸಿ ಇಟ್ಟಳು. ಇಷ್ಟಾದರೂ ಸಿಕ್ಕಿದ್ದು ದೊಡ್ಡದು ಎಂದು ಅವಳಿಗೆ ಗೊತ್ತಿತ್ತು.

"ನಿಜ ಹೇಳಿದ್ದಕ್ಕೆ ಎಂಟು ಬೈಕು ಹೋಯ್ತಪ್ಪಾ."

"ಸುಳ್ಳು ಹೇಳಿದ್ದಕ್ಕೆ ಹೋಯ್ತು," ಅಂದ ಅಪ್ಪ. "ನಿಜ ಹೇಳಿದ್ದಕ್ಕೆ ನಾಲ್ಕು ಉಳೀತು."

ಅವನು ಮಾತ್ರ ಬರಲಿಲ್ಲ. ಚೈನು ಸಡಿಲವಾಗಲಿಲ್ಲ, ಕನ್ನಡಿ ಅಲ್ಲಾಡಲಿಲ್ಲ. ಬರಲಿ ಎಂದು ಹೇಳಿದ ಸುಳ್ಳೇ ಅವನನ್ನು ಓಡಿಸಿತಲ್ಲ ಎಂದು ತನ್ನ ಮೇಲೆಯೇ ಅವಳಿಗೆ ಹೇಸಿಗೆಯಾಯಿತು. ಆ ಮಾದರಿಯ ಬೈಕಿನ ಸದ್ದು ಬೀದಿಯಲ್ಲಿ ಕೇಳಿದರೆ ಕೈ ನಿಲ್ಲುತ್ತಿತ್ತು. ಹೋದವನಿಗಾಗಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವ ಹೆಂಗಸರನ್ನು ಕಂಡರೆ ನಗುತ್ತಿದ್ದವಳು, ಈಗ ಕಾಯುತ್ತಿದ್ದಳು. ಅವನಿಗೆ ಯಾರೋ ಇದ್ದಾಳೆ ಎಂದು ಗೊತ್ತಿದ್ದೂ ಕಾಯುತ್ತಿದ್ದಳು!

---

ಹತ್ತೊಂಬತ್ತನೇ ದಿನ ಮಧ್ಯಾಹ್ನ. ಆಸ್ಪತ್ರೆಯ ಬೈಕೊಂದರ ಹಿಂದಿನ ಚಕ್ರ ಬಿಚ್ಚಿಕೊಂಡು ಅವಳು ನೆಲದ ಮೇಲೆ ಕೂತಿದ್ದಳು. ಎದುರಿಗೆ ಎರಡು ಧೂಳು ಹಿಡಿದ ಶೂ ಬಂದು ನಿಂತವು.

ತಲೆಯೆತ್ತಿದಳು. ಅವನೇ. ಬೆವರಿನಿಂದ ತಿಳಿನೀಲಿ ಅಂಗಿ ಬೆನ್ನಿಗೆ ಅಂಟಿತ್ತು.

"ಬೈಕ್ ಎಲ್ಲಿ?" ಎಂದಳು.

"ಮನೇಲಿದೆ. ಏನೂ ಆಗಿಲ್ಲ. ಮೂರು ಸಾವಿರದ ಒಂಬೈನೂರ ಮೂವತ್ತಕ್ಕೆ ನಿಂತಿದೆ."

"ಹತ್ತೊಂಬತ್ತು ದಿನದಲ್ಲಿ ಬರೀ ಮೂವತ್ತು ಕಿಲೋಮೀಟರಾ?"

"ನನಗೆ ನಿಜವಾಗಿ ಬೇಕಾಗಿದ್ದು ಅಷ್ಟೇ."

ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗದೆ ಸಿಟ್ಟು ಬಂತು. ಮೂರು ತಿಂಗಳಿಂದ ನುಂಗಿಕೊಂಡಿದ್ದ ಪ್ರಶ್ನೆ ಹೊರಗೆ ಬಿತ್ತು.

"ಮತ್ತೆ ಭಾನುವಾರ ನೂರ ಎಂಬತ್ತು? ಆ ಊರಲ್ಲಿ ಇರೋರು ಯಾರು?"

"ಯಾವ ಊರು?"

"ನನಗೇನು ಗೊತ್ತು! ನೀವು ಹೋಗ್ತಿದ್ದ ಊರು."

ಅವನು ಕನ್ನಡಕ ತೆಗೆದು ಒರೆಸಿಕೊಂಡ. ಯಾವ ಊರಿಗೂ ಹೋಗುತ್ತಿರಲಿಲ್ಲ ಎಂದ. ಊರ ಹೊರಗಿನ ವರ್ತುಲ ರಸ್ತೆಗೆ ಒಂದು ಸುತ್ತು ಹಾಕಿದರೆ ಮೂವತ್ತು ಕಿಲೋಮೀಟರ್ ಆಗುತ್ತದಂತೆ. ಪ್ರತಿ ಭಾನುವಾರ ಆರು ಸುತ್ತು ಹಾಕುತ್ತಿದ್ದನಂತೆ. ಉಳಿದ ದಿನ ಬೆಳಗ್ಗೆ ಎದ್ದು, ಸಮಯ ಸಿಕ್ಕರೆ ಒಂದೊಂದು.

"ಯಾಕೆ?"

"ನೀವೇ ಹೇಳಿದ್ರಲ್ಲ. ಸಾವಿರ ಆದ್ಮೇಲೆ ಬನ್ನಿ ಅಂತ."

ಅವಳು ಅವನನ್ನೇ ನೋಡಿದಳು. ಎದೆಯಲ್ಲಿ ಏನೋ ಒಮ್ಮೆಲೇ ಸಡಿಲವಾಯಿತು. ಅದರ ಹಿಂದೆಯೇ ಬಂದದ್ದು ಬೈಗುಳ.

"ತಲೆ ನೆಟ್ಟಗಿದೆಯಾ ನಿಮಗೆ? ಹೊಸ ಟೈರ್ ಸವೆಸ್ಕೊಂಡು, ಪೆಟ್ರೋಲ್ ಸುಟ್ಕೊಂಡು, ಗಾಣದ ಎತ್ತಿನ ಹಾಗೆ ಸುತ್ತಿದ್ರಾ? ನಾನು ಇಲ್ಲಿ ನಿಮಗೆ ಮದುವೇನೇ ಮಾಡಿ ಮುಗಿಸಿದ್ದೆ!"

"ಯಾರ ಜೊತೆ?"

"ಅದೇ ನನಗೂ ಗೊತ್ತಾಗ್ತಿರಲಿಲ್ಲ," ಎಂದಳು. ಹೇಳುತ್ತ ಕಣ್ಣು ತುಂಬಿತು. ಗ್ರೀಸಿನ ಕೈಯಲ್ಲಿ ಒರೆಸಿಕೊಳ್ಳುವ ಹಾಗೂ ಇರಲಿಲ್ಲ.

ಅವನು ಅವಳೆದುರು ನೆಲದ ಮೇಲೆಯೇ ಕೂತ, ಇಸ್ತ್ರಿ ಪ್ಯಾಂಟಿನ ಹಂಗು ಬಿಟ್ಟು. ಮೊದಲ ವಾರ ತುಂಬ ಸಿಟ್ಟಿತ್ತು ಎಂದ. ತಾನು ಔಷಧಿ ಕೊಡುವವನು, ಚೀಟಿಯಲ್ಲಿ ಒಂದು ಸುಳ್ಳು ಬರೆದರೆ ಜೀವವೇ ಹೋಗುತ್ತದೆ, ಅಂಥವನಿಗೆ ಅವಳ ಸುಳ್ಳನ್ನು ನುಂಗಲು ಆಗಲಿಲ್ಲ. ಅವಳು ತಲೆತಗ್ಗಿಸಿ ಕೇಳಿಸಿಕೊಂಡಳು.

"ಎರಡನೇ ವಾರ ಯೋಚನೆ ಶುರುವಾಯ್ತು. ಸುಳ್ಳು ಹೇಳಿ ಇವರಿಗೇನು ಸಿಕ್ತು ಅಂತ. ಏನೂ ಸಿಕ್ಕಿಲ್ಲ. ಸಿಂಥೆಟಿಕ್ ಹಾಕಿದ್ರೆ ನಾನು ಬರೋದು ತಡ ಆಗುತ್ತೆ, ಅಷ್ಟೇ. ಅದಕ್ಯಾರಾದ್ರೂ ಸುಳ್ಳು ಹೇಳ್ತಾರಾ ಅಂದ್ಕೊಂಡೆ. ಆಗ ನಾನು ಯಾಕೆ ರಸ್ತೆ ಸುತ್ತಿದ್ದೆ ಅನ್ನೋದು ನೆನಪಾಯ್ತು."

"ಆಮೇಲಿನ ಐದು ದಿನ?"

"ಹೆದರಿಕೆ. ನನ್ನ ಲೆಕ್ಕ ತಪ್ಪಾಗಿದ್ರೆ?"

ಬಾಗಿಲ ಬಳಿ ಪತ್ರಿಕೆ ಸದ್ದಾಯಿತು. ಅಪ್ಪ ಕುರ್ಚಿಯನ್ನು ಎತ್ತಿಕೊಂಡು, ಬಿಸಿಲು ಜಾಸ್ತಿಯಾಯಿತು ಎನ್ನುತ್ತ ಪಕ್ಕದ ಮರದ ನೆರಳಿಗೆ ಹೋಗಿ ಕೂತ. ಗ್ಯಾರೇಜಿನೊಳಗೆ ಬಿಸಿಲೇ ಇರಲಿಲ್ಲ.

ಅವಳು ಚಕ್ರದ ಮೇಲೆ ಕೈಯಿಟ್ಟಳು. ಈಗ ತಪ್ಪಿಸಿಕೊಳ್ಳಲು ಯಾವ ಬೋಲ್ಟೂ ಇರಲಿಲ್ಲ. ಒಮ್ಮೆ ಸುಳ್ಳು ಹೇಳಿದ ಇದೇ ಜಾಗದಲ್ಲಿ ನಿಜ ಹೇಳುವುದು ಇಷ್ಟು ಕಷ್ಟವೇ?

"ಲೆಕ್ಕ ಸರಿಯಾಗಿದೆ," ಅಂದಳು. "ನೀವು ಬರಬೇಕು ಅನ್ನಿಸ್ತು. ಆರು ಸಾವಿರದವರೆಗೆ ತಾಳ್ಮೆ ಇರಲಿಲ್ಲ. ಅದಕ್ಕೇ ಹೇಳ್ದೆ. ತಪ್ಪು ಮಾಡ್ದೆ."

ಅವನ ಕಿವಿಗಳು ಕೆಂಪಾದವು.

"ಇನ್ಮೇಲೆ ಸುಳ್ಳು ಹೇಳಬೇಡಿ."

"ಹೇಳಲ್ಲ. ನೀವೂ ಸುಮ್ಮಸುಮ್ಮನೆ ರಸ್ತೆ ಸುತ್ತಬೇಡಿ."

"ಹಾಗಾದ್ರೆ ನಾನು ಬರೋದು ಹೇಗೆ?"

"ಇವತ್ತು ಬಂದ ಹಾಗೆ."

ಅವನು ನಕ್ಕ. ಅವಳು ಅವನು ನಕ್ಕಿದ್ದನ್ನು ನೋಡಿದ್ದು ಇದೇ ಮೊದಲು.

"ಮತ್ತೆ ಯಾವಾಗ ಬರಲಿ?"

"ನಾಳೆ."

"ಎಷ್ಟು ಗಂಟೆಗೆ? ಬೆಳಗ್ಗೆ ಡ್ಯೂಟಿಗೆ ಮೊದಲಾ, ಇಲ್ಲಾ ಮಧ್ಯಾಹ್ನ ಊಟ ಆದ್ಮೇಲಾ?"

"ಅಯ್ಯೋ ದೇವರೇ..." ಅವಳು ಹಣೆ ಚಚ್ಚಿಕೊಂಡಳು. ಹಣೆಯ ಮೇಲೆ ಐದು ಬೆರಳಿನ ಗ್ರೀಸು ಮೂಡಿತು. "ಬನ್ನಿ ಅಂದ್ರೆ ಸುಮ್ಮನೆ ಬರಬೇಕಪ್ಪ!"

"ಸರಿ," ಎಂದು ಅವನು ಎದ್ದ. ಎರಡು ಹೆಜ್ಜೆ ಇಟ್ಟು ನಿಂತ. ತಿರುಗಿ ಅವಳನ್ನು ನೋಡಿದ.

"ಹೋಗೋದಕ್ಕೇ ಮನಸ್ಸಾಗ್ತಿಲ್ಲ."

"ಹಾಗಾದ್ರೆ ಹೋಗಬೇಡಿ," ಅಂದಳು ಅವಳು, ಪ್ರಪಂಚದಲ್ಲಿ ಅದಕ್ಕಿಂತ ಸುಲಭದ ಮಾತು ಇನ್ನೊಂದಿಲ್ಲ ಎನ್ನುವ ಹಾಗೆ. "ಆ ಚಕ್ರ ಸ್ವಲ್ಪ ಹಿಡ್ಕೊಳ್ಳಿ."